ಎಣ್ಣೆಗೈ ಮತ್ತು ಗಾಡಿಯ ಅಚ್ಚು

ಅಡುಗೆಮನೆಯಿಂದ ಕುಸುಬೆ ಎಣ್ಣೆ ಬೆಚ್ಚಗಾಗುವ ವಾಸನೆ ಬರುತ್ತಿದೆ. ಈ ವಾಸನೆಗೆ ನಿಮಗೆ ಹಸಿವಾಗಬಹುದು; ನನಗೆ ಅಂಗೈ ಜಾರಿದಂತಾಗುತ್ತದೆ. ನಗಬೇಡಿ. ಇವತ್ತು ದೀಪಾವಳಿ. ಮಗಳು ಸುನೀತಾ ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಗಂಡನ ಜೊತೆ ಹುಮನಾಬಾದಿಗೆ ಬಂದಿದ್ದಾಳೆ. ಹೊಸ ಅಳಿಯನಿಗೆ ಎಣ್ಣೆ ಹಚ್ಚುವ ಕೆಲಸ ನನ್ನದು, ಅಂಗಳದಲ್ಲಿ ಅಚ್ಚು ಬೇರೆ ಕಾಯುತ್ತಾ ಬಿದ್ದಿದೆ. ಎಣ್ಣೆ ಕಾಯಲು ಇನ್ನೂ ಹೊತ್ತಿದೆ. ಕೂತುಕೊಳ್ಳಿ, ಅಚ್ಚಿನ ಸಂಗತಿ ಹೇಳಿಬಿಡುತ್ತೇನೆ.

ಅದು ಎತ್ತಿನ ಗಾಡಿಯ ಕಬ್ಬಿಣದ ಅಚ್ಚು. ಎರಡೂ ತುದಿಗೆ ಹಳೆಯ ಕಬ್ಬಿನ ಗಾಣದ ಹಲ್ಲುಚಕ್ರಗಳನ್ನು ಜಡಿದಿದ್ದಾರೆ. ಮೊದಲು ಬಸವಕಲ್ಯಾಣದಲ್ಲಿ ನನ್ನ ಮಾವನವರ ಅಂಗಳದಲ್ಲಿತ್ತು. ಆ ಮನೆಗೆ ಮೊದಲ ದೀಪಾವಳಿಗೆ ಬಂದ ಅಳಿಯ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಸ್ನಾನಕ್ಕೆ ಹೋಗುವ ಮುಂಚೆ ಅದನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲಬೇಕು. ಮಾವ ‘ಶಾಭಾಸ್’ ಅನ್ನುವ ತನಕ ಇಳಿಸುವಂತಿಲ್ಲ. ಎತ್ತದಿದ್ದರೆ ಯಾರೂ ಹೊರಗೆ ಹಾಕುವುದಿಲ್ಲ, ಹೋಳಿಗೆಯೂ ಸಿಗುತ್ತದೆ. ಆದರೆ ಓಣಿಯ ಹೆಂಗಸರು ನಿಮ್ಮ ಹೆಂಡತಿಯನ್ನು ಕಂಡಾಗಲೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಾರೆ. ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಘಾಟಬೋರಾಳದ ಒಕ್ಕಲುತನದ ಗಟ್ಟಿ ಆಳು. ಅವರು ಎತ್ತಿ ನಿಂತಿದ್ದರಂತೆ. ನಾನೋ ಬಟ್ಟೆ ಅಂಗಡಿಯ ಗುಮಾಸ್ತ. ಬಟ್ಟೆ ಸುತ್ತಿಟ್ಟ ಥಾನಿಗಿಂತ ಭಾರದ್ದನ್ನು ಮುಟ್ಟಿದವನಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಮದುವೆಯಾದ ವಾರವೇ ನಾನು ಹುಮನಾಬಾದಿನ ತಾಲೀಮಿಗೆ ಸೇರಿದೆ. ನಮ್ಮ ಕಡೆ ಗರಡಿಗೆ ತಾಲೀಮು ಅನ್ನುತ್ತಾರೆ. ನಾನು ಫೌಜಿಗೆ ಹೊರಟಿದ್ದೇನೆಂದು ಅವ್ವ ಎರಡು ದಿನ ಅತ್ತಳು. ಅಲ್ಲಿಯ ಉಸ್ತಾದರು ನನ್ನ ತೋಳು ಹಿಸುಕಿ ನೋಡಿ ನಿಟ್ಟುಸಿರು ಬಿಟ್ಟರು.

“ಬೆನ್ನಿಲೆ ಎತ್ತಬ್ಯಾಡ,” ಎಂದು ಶುರುಮಾಡಿದರು. “ಬೆನ್ನು ಹಲಗಿ ಹಂಗ ಇರ್ಲಿ. ಉಸಿರು ಹೊಟ್ಟ್ಯಾಗ ಹಿಡಿ. ಕಬ್ಬಿಣ ಕಾಲಿಗಿ ಹತ್ತಿಕೊಂಡೇ ಬರಬೇಕು, ದೂರ ಹೋತಂದ್ರ ಸೊಂಟ ಹೋತು. ಮ್ಯಾಲ ಎತ್ತಬೇಕಂತ ಅನ್ಕೋಬ್ಯಾಡ, ಕಾಲಿಲೆ ನೆಲಾ ತುಳಿ. ಅದು ತಾನೇ ಬರ್ತದ.”

ನೆಲ ತುಳಿ, ನೆಲ ತುಳಿ. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ತುಳಿಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ತಾಲೀಮಿನ ಭಾರಗಳನ್ನು ಒಂದೊಂದಾಗಿ ಎತ್ತಿದೆ. ಕೊನೆಯದೊಂದು ಮಾತ್ರ ಅಲುಗಲಿಲ್ಲ. ಮಾವನವರ ಅಚ್ಚು ಅದರಷ್ಟೇ ಭಾರ ಎಂದು ಕಂಡವರು ಹೇಳುತ್ತಿದ್ದರು.

ಹಬ್ಬದ ಬೆಳಿಗ್ಗೆ ಮಾವ ನನ್ನನ್ನು ಮಣೆಯ ಮೇಲೆ ಕೂಡಿಸಿ ತಾವೇ ಎಣ್ಣೆ ಹಚ್ಚಿದರು. ಭುಜ, ಬೆನ್ನು, ತೋಳು ಮುಗಿದ ಮೇಲೆ ಅಂಗೈ, ಆಮೇಲೆ ಒಂದೊಂದೇ ಬೆರಳಿನ ಸಂದು. ಎಂಥ ಮರ್ಯಾದೆಯಪ್ಪಾ ಎಂದು ನಾನು ಕಣ್ಣುಮುಚ್ಚಿ ಕೂತಿದ್ದೆ. ದಡ್ಡ ಅಂದರೆ ನಾನೇ. ಅಚ್ಚಿಗೆ ಕೈ ಹಾಕಿ ನೆಲ ತುಳಿದೆ. ಅದು ಗೇಣುದ್ದ ಮೇಲೆದ್ದಿತು, ಬೆರಳುಗಳಿಂದ ಬೆಣ್ಣೆಯ ಹಾಗೆ ಜಾರಿ ಧಡ್ ಎಂದು ಬಿತ್ತು. ಕೋಳಿಗಳು ಓಡಿದವು. ಕೈ ಒರೆಸಿಕೊಳ್ಳೋಣವೆಂದರೆ ಉಟ್ಟ ಪಂಚೆಯೂ ಎಣ್ಣೆಯಾಗಿತ್ತು. ಎರಡನೆಯ ಸಲವೂ ಅದೇ ಕಥೆ. ಗೋಡೆಯಾಚೆಯಿಂದ ಬಳೆಗಳ ಸದ್ದು, ನಗು.

“ತಮ್ಮಾ, ಅದು ಥಾನ್ ಅಲ್ಲೋ,” ಅಂದರು ಷಡ್ಡಕರು. ಮಾವ ನಗಲಿಲ್ಲ. ಅವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಅಡುಗೆಮನೆಯ ಬಾಗಿಲು ನೋಡುತ್ತಿದ್ದರು.

ಆಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಹೆಂಡತಿ ಕಮಲಾ ಎದ್ದು ಬಂದಳು. ಹಿರಿಯರ ಮುಂದೆ ಹೊಸ ಮದುವಣಗಿತ್ತಿ ಗಂಡನನ್ನು ಮಾತಾಡಿಸುವುದೂ ತಪ್ಪಾಗಿದ್ದ ಕಾಲ. ಅವಳು ಬೊಗಸೆ ತುಂಬ ಜೋಳದ ಹಿಟ್ಟು ಹಿಡಿದು, ಎಲ್ಲರ ಎದುರಿಗೇ ಅಂಗಳ ದಾಟಿ ಬಂದು ನನ್ನ ಮುಂದೆ ನಿಂತಳು.

“ಕೈ ಹಿಡೀರಿ,” ಅಂದಳು. ನನ್ನ ಎರಡೂ ಅಂಗೈಗೆ ಹಿಟ್ಟು ಹಚ್ಚಿ ತಿಕ್ಕಿದಳು. “ಈಗ ನೆಲಾ ತುಳೀರಿ. ದಿನಾ ನಿದ್ದ್ಯಾಗ ಅದನ್ನೇ ಬಡಬಡಸ್ತೀರಲ್ಲ.”

ನಾನು ಬಗ್ಗಿದೆ. ಬೆನ್ನು ಹಲಗೆಯಾಯಿತು, ಉಸಿರು ಹೊಟ್ಟೆಯಲ್ಲಿ ನಿಂತಿತು. ಹಿಟ್ಟು ಕಬ್ಬಿಣವನ್ನು ಕಚ್ಚಿ ಹಿಡಿಯಿತು. ತುಳಿದೆ. ಮೊದಲು ಏನೂ ಆಗಲಿಲ್ಲ, ಕಿವಿಯಲ್ಲಿ ಗುಂಯ್ ಎಂದಿತು ಅಷ್ಟೇ. ಆಮೇಲೆ ಚಕ್ರಗಳು ನೆಲ ಬಿಟ್ಟವು. ಅಚ್ಚು ಮೊಣಕಾಲಿನವರೆಗೆ ಬಂದು ಮುಂದೆ ಹೋಗಲೊಲ್ಲದೆ ನಡುಗಿತು. ಬಿಟ್ಟುಬಿಡಲೇ ಅನಿಸಿತು, ಆದರೆ ಕಮಲಾ ಇನ್ನೂ ಎದುರಿಗೇ ನಿಂತಿದ್ದಳು. ಸೊಂಟ ಮುಂದೆ ತಂದೆ, ಎದೆ ಎತ್ತಿದೆ, ನೆಟ್ಟಗೆ ನಿಂತುಬಿಟ್ಟೆ. ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳಲಿ! ಆದರೆ ‘ಶಾಭಾಸ್’ ಬರುವ ಲಕ್ಷಣವೇ ಇಲ್ಲ. ಮಾವ ಮಗಳ ಮುಖ ನೋಡುತ್ತಾ ಮೈಮರೆತಿದ್ದರು.

“ಮಾವಾರ, ಅನ್ರಿ ಲಗೂ,” ಎಂದು ಗೋಗರೆದೆ. ಅಂದರು. ಇಳಿಸಿದೆ.

ಊಟಕ್ಕೆ ಕೂತಾಗ ಷಡ್ಡಕರು ಕಿವಿಯಲ್ಲಿ ಹೇಳಿದರು: “ನನ್ನ ಕೈಗೂ ಹಿಂಗೇ ಎಣ್ಣಿ ಹಚ್ಚಿದ್ರು. ನಾನೂ ಜಾರಿಸಿದೆ. ಕಮಲಾನ ಅಕ್ಕ ಹಿಟ್ಟು ತಂದಳು.” ನನಗೆ ತಡೆಯಲಾಗಲಿಲ್ಲ, ಎಲೆ ಎತ್ತಿದ ಮೇಲೆ ಮಾವನವರನ್ನೇ ಕೇಳಿದೆ.

ಅವರು ಅಡಿಕೆ ಕತ್ತರಿಸುತ್ತಾ ಹೇಳಿದರು: “ಅಳ್ಯಾರ, ಸುಖದಾಗ ಇದ್ದಿಯೇನವಾ ಅಂತ ಕೇಳಿದ್ರ ಯಾವ ಮಗಳು ಇಲ್ಲ ಅಂತಾಳ? ಅಪ್ಪ ನೊಂದುಕೊಂಡಾನು ಅಂತ ಸುಳ್ಳರ ಹೇಳ್ತಾಳ. ಅದಕ್ಕ ನಾ ಕೇಳಂಗಿಲ್ಲ. ನಿಮ್ಮ ಕೈಗಿ ಎಣ್ಣಿ ಹಚ್ಚತೀನಿ. ಆಕಿ ಒಲಿ ಬಿಟ್ಟು ಏಳ್ತಾಳೋ ಇಲ್ಲೋ, ಅಷ್ಟೇ ನೋಡತೀನಿ.”

ಅವರಿಗೆ ಗಂಡುಮಕ್ಕಳಿರಲಿಲ್ಲ. ಮುಂದೆ ಅಚ್ಚು ಗಾಡಿಯೇರಿ ನಮ್ಮ ಮನೆಗೆ ಬಂತು. ಹಿಟ್ಟಿನ ಗುಟ್ಟನ್ನು ಮಾತ್ರ ಕಮಲಾ ಆಗಲಿ ನಾನಾಗಲಿ ಸುನೀತಾಳಿಗೆ ಹೇಳಲಿಲ್ಲ. ಎಣ್ಣೆ ಕಾದಿದೆಯಂತೆ, ಕಮಲಾ ಕರೆಯುತ್ತಿದ್ದಾಳೆ. ಇರಿ, ಬಂದೆ.

ಬಂದೆ ನೋಡಿ. ಅಳಿಯನಿಗೆ ಹಚ್ಚಿದ್ದಾಯಿತು, ಬೆರಳಿನ ಸಂದುಗಳೂ ಸೇರಿ. “ಮಾವಾರ, ಅಂಗೈಗಿ ಯಾಕ್ರಿ, ಜಾರ್ತದಲ್ರಿ,” ಅಂದ. ಬುದ್ಧಿವಂತ. “ಪದ್ಧತಿ ಅದ,” ಅಂದೆ. ಮೊದಲ ಸಲ ಅಚ್ಚು ಜಾರಿ ಬಿತ್ತು. ನನ್ನ ಕಣ್ಣು ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಹೋಯಿತು. ಮಾವನವರಿಗೆ ಆ ದಿನ ಹೇಗಾಗಿತ್ತೆಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಅಚ್ಚು ಎತ್ತುವವನಿಗಿಂತ ಎಣ್ಣೆ ಹಚ್ಚಿದವನದೇ ಕಷ್ಟ. ಬಾಗಿಲಲ್ಲಿ ಕಮಲಾ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. ಎರಡನೆಯ ಸಲವೂ ಬಿತ್ತು.

ಒಳಗಿನಿಂದ ಸುನೀತಾಳ ದನಿ ಬಂತು: “ಅವ್ವಾ, ಜ್ವಾಳದ ಹಿಟ್ಟಿನ ಡಬ್ಬಿ ಎಲ್ಲಿ ಇಟ್ಟೀದಿ?”

ಅಚ್ಚು ಇನ್ನೂ ನೆಲದ ಮೇಲೆಯೇ ಇತ್ತು. ನಾನು ಆಗಲೇ ‘ಶಾಭಾಸ್’ ಅಂದುಬಿಟ್ಟಿದ್ದೆ.