ಕೋಡಿ ಹಳ್ಳದ ಅಕ್ಕ

ಹಳೇಬೀಡಿನ ಬಸ್ಸು ನಿಲ್ಲುವ ಕಡೆಯಿಂದ ಕೆಳಗಿಳಿದರೆ, ನಮ್ಮೂರ ಕೆರೆಯ ಕೋಡಿ ಹಳ್ಳದ ಪಕ್ಕದಲ್ಲೇ ನನ್ನ ಅಕ್ಕನ ಮನೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಆ ಕೋಡಿಯನ್ನು ನೀರಾವರಿ ಇಲಾಖೆಯವರು ರಸ್ತೆಯ ನೆಪದಲ್ಲಿ ಅರ್ಧ ಮುಚ್ಚಿದರು. ಮುಚ್ಚಬಾರದೆಂದು ನಾನು ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಇಂಜಿನಿಯರ್ ಸಾಹೇಬರು ಫೋನಿನಿಂದ ತಲೆಯೆತ್ತದೆ, "ಕೂತ್ಕೊಳ್ಳಿ ತಾತ, ಎಲ್ಲಾ ಪ್ಲಾನ್ ಪ್ರಕಾರಾನೇ ಇದೆ" ಎಂದರು. ಸಭೆ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ.

ಅಲ್ಲಿಂದ ಮುಂದೆ ಇಲಾಖೆಯ ಜೀಪು ಮೈಕು ಕಟ್ಟಿಕೊಂಡು ಬಂದು "ಎತ್ತರದ ಜಾಗಕ್ಕೆ ಹೋಗಿ" ಎಂದು ಕೂಗಿದಾಗಲೆಲ್ಲ ಬಿಸಿಲು ಬಂತು. "ಆತಂಕ ಬೇಡ" ಎಂದ ವರ್ಷ ಕೊಟ್ಟಿಗೆಗಳಿಗೆ ನೀರು ನುಗ್ಗಿತು. ಹೀಗಾಗಿ ನಮ್ಮೂರಿನಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಹೋಗಿ ಎಂದರೆ ಹಪ್ಪಳ ಒಣಹಾಕುವುದು, ಇರಿ ಎಂದರೆ ಗಂಟುಮೂಟೆ ಕಟ್ಟುವುದು. ಈ ಪದ್ಧತಿಯ ಹಿರಿಯ ಪ್ರಚಾರಕ ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೋದ ಮಳೆಗಾಲದಲ್ಲಿ ಜೀಪು ಮತ್ತೆ "ಹೋಗಿ" ಎಂದಿತು. ಊರು ನಿಶ್ಚಿಂತೆಯಿಂದ ಕುಳಿತಿತು. ಸಾಹೇಬರ ಇನ್ನೊಂದು ತಪ್ಪನ್ನು ಕಣ್ಣಾರೆ ಕಾಣುವ ಆಸೆಯಿಂದ ನಾನೊಬ್ಬನೇ ಕೊಡೆ ಹಿಡಿದು ಕೆರೆಯ ಏರಿ ಹತ್ತಿದೆ. ನೀರು ಮೇಲಿನ ಸಾಲಿನ ಕಲ್ಲನ್ನು ಮುಟ್ಟಿತ್ತು. ಕಿರಿದಾದ ಕೋಡಿಯಲ್ಲಿ ಹಿಡಿಸದೆ ಹೊಸ ರಸ್ತೆಯನ್ನೇ ಕೊರೆಯುತ್ತಿತ್ತು. ರಸ್ತೆ ಕಿತ್ತುಹೋದರೆ ಅಷ್ಟೂ ನೀರು ಅಕ್ಕನ ಬಾಗಿಲಿಗೆ.

ಈ ವಯಸ್ಸಿನಲ್ಲಿ ಓಡಿದೆ. ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಏಳಕ್ಕ, ಸ್ಕೂಲ್ ತಾವ ಹೋಗಣ. ನೀರು ಬತ್ತಾ ಐತೆ."

"ಜೀಪಿನೋರು ಹೋಗಿ ಅಂದವ್ರಲ್ಲ, ಇನ್ನೆಲ್ಲಿ ಬಂದಾತು?"

"ಇವತ್ತು ಅವರು ಹೇಳಿದ್ದು ದಿಟ ಕಣಕ್ಕ."

ಅವಳ ಕೈ ನಿಂತಿತು. ನನ್ನನ್ನೇ ದಿಟ್ಟಿಸಿದಳು.

"ಏನ್ಲಾ, ನಿನ್ ಬಾಯಲ್ಲಿ ಈ ಮಾತಾ? ಅಂಗಾರೆ ನೀರು ಬಂದೇ ಬತ್ತದೆ!"

ಒಲೆಗೆ ನೀರು ಸುರಿದು, ಎಮ್ಮೆಯ ಹಗ್ಗ ಬಿಚ್ಚಿ, ಬೀದಿಯುದ್ದಕ್ಕೂ "ನನ್ ತಮ್ಮನೇ ಹೇಳ್ತಾವ್ನೆ, ಏಳ್ರೇ" ಎಂದು ಕೂಗುತ್ತ ನಡೆದಳು. ಹಪ್ಪಳದವರೆಲ್ಲ ಎದ್ದರು. ನಾವು ಶಾಲೆಯ ಜಗಲಿ ಹತ್ತಿದ ಸ್ವಲ್ಪ ಹೊತ್ತಿಗೆ ರಸ್ತೆ ಕಿತ್ತುಹೋಯಿತು. ಅಕ್ಕನ ಅಡುಗೆಮನೆಯಲ್ಲಿ ಕಿಟಕಿಯವರೆಗೆ ನೀರು.

ಸಂಜೆ ಸಾಹೇಬರು ಬಂದು ಜನ ಕ್ಷೇಮವಾಗಿರುವುದನ್ನು ನೋಡಿ, ಇಲಾಖೆಯ ಎಚ್ಚರಿಕೆ ಬಹಳ ಚೆನ್ನಾಗಿ ಕೆಲಸ ಮಾಡಿದೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಶುರುಮಾಡಿದಳು.

"ನಿಮ್ ಮೈಕ್ ಕೇಳ್ಕಂಡೇ ಸಾಮಿ ನಾನು ರೊಟ್ಟಿ ತಟ್ಟಕ್ ಕುಂತಿದ್ದು. ನಿಮ್ಮನ್ನ ಕಂಡ್ರಾಗದೋನು ಇವನು. ಇವನು ದಿಟ ಅಂದ, ಅದ್ಕೇ ಎದ್ದೆ."

ಹೀಗೆ ಹೇಳುತ್ತ, ನೆನೆದ ನನ್ನ ನರೆತಲೆಯನ್ನು ಊರೆದುರಿಗೇ ಸೆರಗಿನಿಂದ ಉಜ್ಜಿ ಒರೆಸುತ್ತಿದ್ದಳು. ನಾನು ಬೇಡವೆನ್ನಲಿಲ್ಲ.