ಕುರಿದಾರಿಯಲ್ಲಿ ಫಕೀರಮ್ಮ

ಕುಷ್ಟಗಿಯ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ಫಕೀರಮ್ಮ ಐವತ್ತು ದಾಟುವವರೆಗೆ ಒಮ್ಮೆಯೂ ಬಯಲಲ್ಲಿ ಮಲಗಿದವಳಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಹೆಂಗಸಿನ ಬಗ್ಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಆಕೆಯ ಅಪ್ಪ ದ್ಯಾವಪ್ಪ ಚಳಿಗಾಲ ಶುರುವಾಗುತ್ತಿದ್ದಂತೆ ಕುರಿ ಹೊಡೆದುಕೊಂಡು ಊರು ಬಿಡುತ್ತಿದ್ದ. ತಾವರಗೇರಾ, ಕನಕಗಿರಿ, ಹೇಮಗುಡ್ಡ ದಾಟಿ ಗಂಗಾವತಿ ಕಡೆಯ ಭತ್ತ ಕೊಯ್ದ ಗದ್ದೆಗಳನ್ನು ಸೇರಿದರೆ ಆಮೇಲೆ ಮೇವಿನ ಚಿಂತೆ ಇರಲಿಲ್ಲ. ದಾರಿಯುದ್ದಕ್ಕೂ ರೈತರು ತಮ್ಮ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಜೋಳ.

ಅಣ್ಣ ಸಿದ್ದೇಶ ಚಿಕ್ಕ ಹುಡುಗನಾಗಿದ್ದಾಗಲೇ ಕಂಬಳಿ ಹೊದ್ದು ಅಪ್ಪನ ಹಿಂದೆ ಹೊರಟ. ತಾನೂ ಬರುತ್ತೇನೆಂದು ಫಕೀರಮ್ಮ ಒಂದು ಸಲ ಊರ ಹೊರಗಿನ ಹಳ್ಳದವರೆಗೂ ಓಡಿದ್ದಳು. ಅಪ್ಪ ಬೈಯಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ವಾಪಸು ತಂದ. "ಹೆಣ್ಣುಮಕ್ಕಳು ಅಡವ್ಯಾಗ ಮಲಗೂದಿಲ್ಲವಾ," ಎಂದು ಹೇಳಿ ಅವ್ವನ ಮುಂದೆ ಇಳಿಸಿ ಹೋದ. ಮಗಳು ಶಾಲೆಗೆ ಹೋದಳು, ಹತ್ತನೆಯ ತರಗತಿ ಮುಗಿಸಿದಳು, ಲಕ್ಷ್ಮಣಪ್ಪನನ್ನು ಮದುವೆಯಾದಳು, ಹಾಸ್ಟೆಲಿನ ಕೆಲಸ ಸಿಕ್ಕಿತು. ಅಪ್ಪ ತೀರಿಕೊಂಡ. ಅಣ್ಣ ಕುರಿ ಮಾರಿ ಟಂಟಂ ಆಟೊ ಓಡಿಸತೊಡಗಿದ.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ಹಾಸ್ಟೆಲಿನ ಹುಡುಗಿಯರಿಗಾಗಿ ಹೇಮಗುಡ್ಡದ ಹತ್ತಿರ ಚಾರಣ ಶಿಬಿರ ನಡೆಯಿತು. ಅಡುಗೆಗೆಂದು ಫಕೀರಮ್ಮನೂ ಹೋದಳು. ಮಲಗಲು ಎಲ್ಲರಿಗೂ ಟೆಂಟು. ಹಾವು ಚೇಳಿನ ಹೆದರಿಕೆಯಲ್ಲಿ ನಿದ್ದೆ ಬರಲಿಕ್ಕಿಲ್ಲ ಎಂದುಕೊಂಡವಳು ಬೆಳಗಿನವರೆಗೂ ಮಗ್ಗಲು ಬದಲಿಸಲಿಲ್ಲ. ಎದ್ದು ನೋಡಿದರೆ ಟೆಂಟಿನ ಬಟ್ಟೆ ಇಬ್ಬನಿಯಲ್ಲಿ ತೊಯ್ದಿತ್ತು. ಉಪ್ಪಿಟ್ಟಿನ ಕೆಲಸ ಮುಗಿಸಿ ಆಕೆಯೂ ಹುಡುಗಿಯರೊಂದಿಗೆ ಬಂಡೆ ಹತ್ತಿದಳು. ಕೆಳಗೆ ಕುರಿಯ ಹಿಂಡೊಂದು ಬಂಡೆಗಳ ಸಂದಿಯಲ್ಲಿ ನುಸುಳಿ ಗಂಗಾವತಿ ದಿಕ್ಕಿಗೆ ಹೋಗುತ್ತಿತ್ತು. ಆಕೆ ಅದು ಕಣ್ಮರೆಯಾಗುವವರೆಗೂ ನಿಂತಿದ್ದಳು. ಅಪ್ಪನ ಬಾಯಲ್ಲಿ ಬರೀ ಹೆಸರಾಗಿ ಕೇಳಿದ್ದ ಜಾಗಕ್ಕೆ ಇಷ್ಟೊಂದು ಗಾಳಿ, ಇಷ್ಟೊಂದು ಬೆಳಕು ಇದೆಯೆಂದು ಆಕೆಗೆ ತಿಳಿದಿರಲಿಲ್ಲ.

ಮುಂದಿನ ಚಳಿಗಾಲ ಆಕೆ ರಜೆ ಹಾಕಿದಳು. ಅಪ್ಪ ನಡೆದ ದಾರಿಯನ್ನು ನಡೆಯಬೇಕು, ಆತ ಮಲಗಿದಂತೆ ಹೊಲದಲ್ಲಿ ಮಲಗಬೇಕು ಎಂದಾಗ ಅಣ್ಣ, ಬಸ್ಸಿದೆಯಲ್ಲ ಎಂದು ಹೇಳಿ ಎದ್ದು ಹೋದ. ಲಕ್ಷ್ಮಣಪ್ಪ ಎರಡು ದಿನ ಮಾತು ಬಿಟ್ಟ. ಆಮೇಲೆ ತನ್ನ ಬ್ಯಾಟರಿಯನ್ನು ತಂದು ಆಕೆಯ ಚೀಲದ ಪಕ್ಕದಲ್ಲಿಟ್ಟ. ಜೊತೆಗೆ ಹೊರಟವಳು ಪಕ್ಕದ ಮನೆಯ ಶಹನಾಜಬೇಗಂ. ಬಟ್ಟೆ ಹೊಲಿಯುವ ಆಕೆ ಹಳೆಯ ತಾಡಪತ್ರಿಯನ್ನು ಕತ್ತರಿಸಿ ಇಬ್ಬರು ಮಲಗುವಂಥ ಟೆಂಟು ಹೊಲಿದಳು. ಇಡೀ ಹರೆಯ ಮಷೀನಿನ ಮುಂದೆ ಕುಳಿತೇ ಕಳೆಯಿತು, ಇನ್ನಾದರೂ ಕಾಲು ಆಡಿಸಬೇಕು ಎಂಬುದು ಆಕೆಯ ಕಾರಣ.

ದಾರಿ ಅಂದುಕೊಂಡಂತೆ ಸಿಗಲಿಲ್ಲ. ಕುರಿ ಹೋಗುತ್ತಿದ್ದ ಕಡೆ ದಾಳಿಂಬೆ ತೋಟದ ತಂತಿಬೇಲಿ ಬಂದಿತ್ತು; ಗಾಳಿಯಂತ್ರಗಳಿಗೆ ಹೋಗುವ ಹೊಸ ಮಣ್ಣಿನ ರಸ್ತೆಗಳು ಇಬ್ಬರನ್ನೂ ಬೇರೆಲ್ಲಿಗೋ ಎಳೆಯುತ್ತಿದ್ದವು. ಕೇಳಿಕೊಂಡು, ಸುತ್ತುಹಾಕಿಕೊಂಡು ಎರಡನೆಯ ಸಂಜೆ ತಾವರಗೇರಾದ ಈಚೆ ಸಜ್ಜೆ ಕೊಯ್ದ ಹೊಲವೊಂದರಲ್ಲಿ ಚೀಲ ಇಳಿಸಿದರು. ಹೊಲದ ಯಜಮಾನ ಪ್ರಭುರಾಜ ಬಂದು ಯಾರೆಂದು ವಿಚಾರಿಸಿದ. ಕುರಿ ಕಾಯುವ ದ್ಯಾವಪ್ಪನ ಮಗಳು ಎಂದು ಫಕೀರಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಆ ಕಾಲಕ್ಕ ಭಾಳ ಮಂದಿ ಬರತಿದ್ರಬೇ," ಎಂದ ಆತ. "ಯಾವ ದ್ಯಾವಪ್ಪ ಅಂತ ನೆನಪಿಡಲಿ?"

ಆದರೂ ಇರಲು ಬಿಟ್ಟ. ಬಣವೆಯ ಹತ್ತಿರ ಬೆಂಕಿ ಹಾಕಬೇಡಿ ಎಂದಷ್ಟೇ ಹೇಳಿದ. ಬೆಳಿಗ್ಗೆ ಆತನ ಮನೆಯಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂತು.

ರಾತ್ರಿಯ ಚಳಿಗೆ ಶಹನಾಜಬೇಗಂಳ ಮೊಣಕಾಲು ಬಾತುಕೊಂಡಿತ್ತು. ತಾವರಗೇರಾದವರೆಗೆ ಕುಂಟುತ್ತ ಬಂದವಳು ಬಸ್‌ಸ್ಟ್ಯಾಂಡಿನಲ್ಲಿ ಕುಳಿತುಬಿಟ್ಟಳು. ಫಕೀರಮ್ಮ ವಾಪಸು ಹೋಗೋಣ ಎಂದಾಗ ಒಪ್ಪಲಿಲ್ಲ. ಕನಕಗಿರಿಯಲ್ಲಿ ತನ್ನ ತಂಗಿಯ ಮನೆಯಿದೆ, ತಾನು ಬಸ್ಸಿನಲ್ಲಿ ಹೋಗಿರುತ್ತೇನೆ, ನೀನು ನಡೆದುಕೊಂಡು ಬಾ ಎಂದಳು.

ಹಾಗೆ ಫಕೀರಮ್ಮ ಜೀವನದಲ್ಲಿ ಮೊದಲ ಸಲ ಒಬ್ಬಳೇ ನಡೆದಳು. ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದಳು. ಬಿಸಿಲೇರಿದ ಮೇಲೆ ಅದು ನಿಂತಿತು. ಯಾರಿಗೂ ಅನ್ನ ಬೇಯಿಸಬೇಕಾಗಿಲ್ಲ, ಯಾರೂ ಕರೆಯುವುದಿಲ್ಲ. ಈ ಹಗಲು ತನ್ನೊಬ್ಬಳದು ಎನ್ನಿಸಿ ಹೆಜ್ಜೆ ಹಗುರಾಯಿತು.

ಕನಕಗಿರಿಗೆ ಮುಂಚೆ, ಬೇವಿನ ಮರದ ಕೆಳಗೆ ಕುರಿಗಾರರ ಬಿಡಾರವಿತ್ತು. ಒಬ್ಬ ಹೆಂಗಸು ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ಕೂಸು ಮಲಗಿತ್ತು. ನೀರು ಕೇಳಲು ಹೋದ ಫಕೀರಮ್ಮ, ಹೆಂಗಸರೂ ಕುರಿಯ ಜೊತೆ ಬರುವುದು ಈಗ ಶುರುವಾಯಿತೇ ಎಂದು ಕೇಳಿದಳು. ಆ ಹೆಂಗಸಿಗೆ ನಗು ಬಂತು.

"ಗಂಡಸರಷ್ಟ ಬಂದ್ರ ರೊಟ್ಟಿ ಬಡಿಯೋರು ಯಾರ್ರಿ? ನಮ್ಮವ್ವನೂ ಬರತಿದ್ಲು, ಆಕಿ ಅವ್ವನೂ ಬರತಿದ್ಲು."

ಅಲ್ಲಿಂದ ಮುಂದಿನ ದಾರಿಯನ್ನು ಫಕೀರಮ್ಮ ಸಿಟ್ಟಿನಲ್ಲಿ ನಡೆದಳು. ಹೆಣ್ಣುಮಕ್ಕಳು ಅಡವಿಯಲ್ಲಿ ಮಲಗುವುದಿಲ್ಲ ಎಂಬ ಮಾತನ್ನು ಆಕೆ ಬೆಳಗಾದರೆ ಸೂರ್ಯ ಹುಟ್ಟುತ್ತಾನೆ ಎಂಬಂತೆ ನಂಬಿಕೊಂಡು ಬಂದಿದ್ದಳು. ಸತ್ತ ಅಪ್ಪನೊಂದಿಗೆ ಜಗಳ ಮಾಡುವುದು ಹೇಗೆ? ತಂಗಿಯ ಮನೆಯಲ್ಲಿ ಸುಧಾರಿಸಿಕೊಂಡಿದ್ದ ಶಹನಾಜಬೇಗಂಳನ್ನು ಕೂಡಿಕೊಂಡು ಹೇಮಗುಡ್ಡ ಮುಟ್ಟಿದಾಗಲೂ ಆ ಹಿಂದಿನ ವರ್ಷದ ಖುಷಿ ಬರಲಿಲ್ಲ. ಗಂಗಾವತಿಯವರೆಗೆ ಹೋಗದೆ ಇಬ್ಬರೂ ಅಲ್ಲಿಂದಲೇ ಬಸ್ಸು ಹತ್ತಿದರು.

ಊರಿಗೆ ಬಂದವಳು ನೇರ ಅಣ್ಣನ ಮನೆಗೆ ಹೋದಳು. ನಡೆದದ್ದೆಲ್ಲ ಹೇಳಿ, ಅಪ್ಪ ತನಗೆ ಸುಳ್ಳು ಹೇಳಿದ, ನಿನಗೆ ಮಾತ್ರ ಎಲ್ಲ ಕೊಟ್ಟ ಎಂದಳು.

"ನನಗ ಏನ ಕೊಟ್ಟ, ತಂಗಿ?" ಎಂದ ಸಿದ್ದೇಶ. "ಚಳಿಗೆ ಹಿಮ್ಮಡ ಸೀಳಿ ರಕ್ತ ಬರತಿತ್ತು. ಕುರಿ ನಡುವ ಮಲಗಿ ಅಳತಿದ್ದೆ. ಈಗ ಫಕೀರಿ ಪಾಟಿ ಹಿಡಕೊಂಡು ಸಾಲಿಗೆ ಹೊಂಟಿರ್ತಾಳ ಅಂತ ನೆನಸತಿದ್ದೆ. ನಿನಗ ಹಾದಿ ಬೇಕಿತ್ತು, ನನಗ ಸಾಲಿ ಬೇಕಿತ್ತು. ಇಬ್ಬರನ್ನೂ ಯಾರೂ ಕೇಳಲಿಲ್ಲ."

ಅಣ್ಣ ಇಂದಿಗೂ ಬಸ್ಸಿನ ಬೋರ್ಡು ಓದಲಾರ ಎಂಬುದು ಫಕೀರಮ್ಮನಿಗೆ ಗೊತ್ತಿದ್ದ ಸಂಗತಿಯೇ. ಅದು ಆತನಿಗೆ ನೋವಿನ ಸಂಗತಿ ಎಂದು ಮಾತ್ರ ಎಂದೂ ಹೊಳೆದಿರಲಿಲ್ಲ. ಅಪ್ಪ ಬೇಕೆಂದೇ ಮಗಳನ್ನು ಶಾಲೆಗೆ ಉಳಿಸಿದನೋ, ಸುಮ್ಮನೆ ಮನೆಯಲ್ಲಿ ಬಿಟ್ಟು ಹೋದದ್ದಕ್ಕೆ ಶಾಲೆ ಸಿಕ್ಕಿತೋ, ಹೇಳುವವರು ಈಗ ಯಾರೂ ಇಲ್ಲ. ಸಿಟ್ಟು ಪೂರ್ತಿ ಇಳಿಯಿತೆಂದಲ್ಲ. ಆದರೆ ಅದನ್ನು ಒಬ್ಬಳೇ ಹೊತ್ತು ತಿರುಗುವುದು ತಪ್ಪಿತು.

ಕಳೆದ ಚಳಿಗಾಲ ಉಳಿದ ದಾರಿ ಮುಗಿಸಲು ಹೊರಟಾಗ ಆಕೆ ಅಣ್ಣನನ್ನೂ ಕರೆದಳು. ಹಗಲು ನಡೆಯುತ್ತೇನೆ, ಮಲಗಲು ಮಾತ್ರ ಉಳಿಯುವುದಿಲ್ಲ ಎಂಬ ಕರಾರಿನ ಮೇಲೆ ಸಿದ್ದೇಶ ಬಂದ. ಹೇಮಗುಡ್ಡದಿಂದ ಕೆಳಗಿಳಿಯುತ್ತ ಮೊದಲು ಗೊಣಗಿದ, ಆಮೇಲೆ ಮಾತಿಗೆ ಬಿದ್ದ. ಇದೇ ದಾರಿಯಲ್ಲಿ ಈದ ಕುರಿಯೊಂದರ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ನಡೆದದ್ದು, ಅದು ಹೊಟ್ಟೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದದ್ದು ಹೇಳಿ ತಾನೇ ನಕ್ಕ. ಸಂಜೆ ಟೆಂಟಿನ ಗೂಟ ಹೊಡೆಯಲು ಕೈಹಚ್ಚಿದ. ಶಹನಾಜಬೇಗಂ ಮಾಡಿದ ಚಹಾ ಕುಡಿದ. ಫಕೀರಮ್ಮ ಇರು ಎನ್ನಲಿಲ್ಲ. ರಸ್ತೆಯವರೆಗೂ ಹೋಗಿ, ಬಸ್ಸಿನ ಬೋರ್ಡು ಓದಿ, ಆತನನ್ನು ಹತ್ತಿಸಿ ಬಂದಳು.

ಮರುದಿನ ಇಬ್ಬರು ಗೆಳತಿಯರು ಗಂಗಾವತಿಯ ಗದ್ದೆಗಳ ಅಂಚಿಗೆ ಬಂದರು. ಯಂತ್ರ ಕೊಯ್ದ ಭತ್ತದ ಕೂಳೆಯಲ್ಲಿ ಯಾರದೋ ಕುರಿಗಳು ಮೇಯುತ್ತಿದ್ದವು. ಫಕೀರಮ್ಮ ಚಪ್ಪಲಿ ಬಿಟ್ಟು ಕಾಲುವೆಯ ತಣ್ಣಗಿನ ನೀರಿನಲ್ಲಿ ಕಾಲಿಳಿಸಿ, ಬುತ್ತಿಯ ಗಂಟು ಬಿಚ್ಚಿದಳು.