ಕರೀಂ ಸಾಹೇಬರ ಬೀಗಕ್ಕೆ ನಾನು ಕೊಟ್ಟ ವಯಸ್ಸು

ಆ ದಿನ ನಾನು ಹೇಳಿದ್ದು ಸುಳ್ಳೋ, ತಪ್ಪೋ — ಇವತ್ತಿಗೂ ಗಟ್ಟಿಯಾಗಿ ಹೇಳಲಾರೆ. ಕರೀಂ ಸಾಹೇಬರ ಬೀಗವನ್ನು ಹತ್ತು ಜನರೆದುರು ‘ಬರೀ ಹಳೇದು’ ಎಂದವನು ನಾನು. ಅಷ್ಟು ನಿಜ. ಅದು ಹಾಗಲ್ಲ ಎಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತೇ — ಅಲ್ಲಿಂದ ಮುಂದೆ ನೆನಪು ಜಾರುತ್ತದೆ.

ಅರವತ್ತೆರಡನೇ ಇಸವಿಯೋ ಅರವತ್ತಮೂರೋ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದೆ. ಪಕ್ಕದ ಮನೆಯ ಇಂಜಿನಿಯರ್ ವರದನ್ ಅವರಿಗೆ ಹಳೆಯ ಸಾಮಾನು ಕೂಡಿಡುವ ಹುಚ್ಚು. ಅವರ ಬೀರುವಿನಲ್ಲಿ ಮೂರು ಹಲಗೆ. ನೂರು ವರ್ಷ ದಾಟಿದ್ದು ಮೇಲೆ, ಅದು ಆಂಟಿಕ್. ಅಷ್ಟು ವಯಸ್ಸಾಗದಿದ್ದರೂ ತನ್ನ ಕಾಲದ ಚಹರೆ ಉಳಿಸಿಕೊಂಡದ್ದು ನಡುವೆ, ಅದು ವಿಂಟೇಜ್. ಸುಮ್ಮನೆ ಸವೆದದ್ದು ಕೆಳಗೆ, ಅದು ಬರೀ ಹಳೇದು. ಯಾವುದನ್ನೇ ಆಗಲಿ ಮೊದಲು ಹಿಂಬದಿ ನೋಡಬೇಕು ಎಂದು ಕಲಿಸಿದವರು ಅವರೇ. ಒಂದು ತಿರುಪು ಹೊಸದಾದರೆ ಇಡೀ ವಸ್ತು ಹೊಸದಾಗುವುದಿಲ್ಲ, ರಿಪೇರಿಯೂ ಇರಬಹುದು ಎಂದೂ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.

ಕರೀಂ ಸಾಹೇಬರದು ಶಿವಮೊಗ್ಗದ ಬಜಾರಿನ ಗಲ್ಲಿಯೊಂದರಲ್ಲಿ ಬೀಗದ ಅಂಗಡಿ. ಅವರಲ್ಲೊಂದು ಕಬ್ಬಿಣದ ಬೀಗವಿತ್ತು. ಅದರ ಮೇಲಿನ ಹೂವನ್ನು ಒತ್ತಿದರೆ ಮಾತ್ರ ಕೀಲಿ ಹಾಕುವ ಕಂಡಿ ಕಾಣುತ್ತಿತ್ತು. ತಮ್ಮ ಅಜ್ಜ ಕೈಯಾರೆ ಮಾಡಿದ್ದೆಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಎದುರಿನ ಚಹಾದಂಗಡಿಯ ಸಿದ್ದಣ್ಣ ಬಿಡುತ್ತಿರಲಿಲ್ಲ.

“ನಿಮ್ಮ ದಾದಾ ಅದನ್ನ ಅಲಿಗಡದ ಬೀಗದ ಕಾರ್ಖಾನೆಯಿಂದ ಪಾರ್ಸಲ್ ತರ್ಸಿದ್ದು ಕಣ್ರೀ ಸಾಹೇಬ್ರೆ.”

ಆ ಕೀಟಲೆ ಸಾಕಾಗಿಯೇ ಸಾಹೇಬರು, ಹಳೆಯ ಸಾಮಾನು ಹುಡುಕಿಕೊಂಡು ಬಜಾರಿಗೆ ಬರುತ್ತಿದ್ದ ವರದನ್ ಅವರನ್ನೂ ನನ್ನನ್ನೂ ಕರೆಸಿದ್ದು. ಬೀಗ ಮಾರುವ ಯೋಚನೆ ಅವರಿಗಿರಲಿಲ್ಲ. ಓದಿದವರ ಬಾಯಿಂದ ಒಂದು ಮಾತು ಬರಬೇಕು, ಗಲ್ಲಿಯವರ ಕಿವಿಗೆ ಬೀಳಬೇಕು — ಅಷ್ಟೇ ಅವರ ಆಸೆ.

ವರದನ್ ಮುಟ್ಟಲೂ ಇಲ್ಲ, ನೀವೇ ನೋಡಿ ಎಂದು ನನಗೆ ಬಿಟ್ಟರು. ಜನ ಸೇರಿದ್ದರು. ಬೀಗ ತಿರುಗಿಸಿದೆ. ಹಿಂಬದಿಯ ಒಂದು ಮೂಲೆಯಲ್ಲಿ ಯಂತ್ರದಲ್ಲಿ ಕಡೆದ ನುಣುಪಾದ ತಿರುಪು.

“ಬರೀ ಹಳೇದು, ಅಷ್ಟೇ. ಕಾರ್ಖಾನೆ ಮಾಲು.”

ಸಿದ್ದಣ್ಣ ತೊಡೆ ತಟ್ಟಿ ನಕ್ಕ. ಬೀಗ ವಾಪಸು ಕೊಡುವಾಗ — ಆಗಲೇ — ಉಳಿದ ಮೂರು ಮೂಲೆಗಳಲ್ಲಿ ಸುತ್ತಿಗೆಯಿಂದ ಬಡಿದ ಮೊಳೆಗಳು ಕಂಡವು, ಒಂದೊಂದೂ ಒಂದೊಂದು ಆಕಾರ, ಕೈಕೆಲಸದ ಗುರುತು. ಕಂಡವು ಎಂದೇ ಅನ್ನಿಸುತ್ತದೆ. ಅಥವಾ ಆಮೇಲೆ, ನಿದ್ದೆ ಬಾರದ ವರ್ಷಗಳಲ್ಲಿ, ನನ್ನ ಮನಸ್ಸೇ ಅವನ್ನು ಬಡಿದು ಕೂರಿಸಿತೋ... ಈ ಅನುಮಾನವನ್ನೂ ನಾನು ನಂಬುವುದಿಲ್ಲ. ಅದು ನನಗೆ ತೀರಾ ಅನುಕೂಲದ್ದು. ಮೊಳೆ ನೋಡಿರದಿದ್ದರೆ ನಾನು ಬರೀ ಅವಸರದವನು. ನೋಡಿದ್ದರೆ, ಆಡಿದ ಮಾತು ಹಿಂತೆಗೆದುಕೊಳ್ಳಲು ನಾಚಿ ಇನ್ನೊಬ್ಬನ ಅಜ್ಜನನ್ನು ಅಳಿಸಿದವನು.

ಸಾಹೇಬರು ಅಂಗಿಯ ತುದಿಯಿಂದ ಬೀಗ ಒರೆಸಿದರು.

“ಓದಿದೋರು ನೀವು, ಹೇಳಿದ್ಮೇಲೆ ಆಯ್ತು ಬಿಡಿ. ಚಾ ಕುಡ್ಕೊಂಡು ಹೋಗಿ.”

ಕುಡಿದೆ. ಅದು ಚೆನ್ನಾಗಿ ನೆನಪಿದೆ.

ಅವರು ತೀರಿಕೊಂಡ ಮೇಲೊಮ್ಮೆ ಆ ಗಲ್ಲಿಗೆ ಹೋದೆ. ಬೀಗ ಎಲ್ಲಿ ಹೋಯಿತೆಂದು ಮನೆಯವರಿಗೂ ತಿಳಿಯದು. ಅಂಗಡಿಯ ಬೋರ್ಡು ಮಾತ್ರ ಇತ್ತು: ‘ಬೀಗ ರಿಪೇರಿ’. ಅದರ ಕೆಳಗೆ ಒಂದು ಸಾಲಿನಷ್ಟು ಜಾಗಕ್ಕೆ ದಪ್ಪನಾಗಿ ಬಿಳಿ ಬಣ್ಣ ಬಳಿದಿತ್ತು. ನೀವಿಬ್ಬರು ಬಂದು ಹೋದ ಮಾರನೇ ದಿನ ಅಪ್ಪನೇ ಬಳಿದರು ಎಂದಳು ಸಾಹೇಬರ ಮಗಳು. ಸ್ಟೂಲು ಹಾಕಿಸಿಕೊಂಡು ಹತ್ತಿ, ಬಣ್ಣದ ಮೇಲೆ ಬೆರಳಾಡಿಸಿದೆ. ಅಕ್ಷರಗಳು ಅಡಿಯಲ್ಲಿ ಇನ್ನೂ ಉಬ್ಬಿಕೊಂಡಿದ್ದವು. ಎರಡು ಸಲ ಓದಿ ಖಚಿತಪಡಿಸಿಕೊಂಡೆ: ‘ಅಜ್ಜನ ಕಾಲದಿಂದ’.